ಹಳೆಯ ಭಕ್ತಿಗ್ರಂಥಗಳೂ ಹೆಣ್ಣುಮಕ್ಕಳ ಕೈಗಳೂ

ಒಂದು ಪುಸ್ತಕವನ್ನು ಲೋಕವು ದುರ್ಲಭವೆಂದು ಕರೆಯಿತೆಂದರೆ, ಅದರೊಡನೆ ಅಚ್ಚಾದ ಉಳಿದ ಪ್ರತಿಗಳು ಬಹುಮಟ್ಟಿಗೆ ಅಳಿದುಹೋದುವೆಂದು ತಿಳಿಯಬೇಕು. ಹುಟ್ಟಿದ ದಿನವೇ ದುರ್ಲಭವಾಗಿದ್ದ ಪುಸ್ತಕಗಳು ಕೆಲವೇ. ಮಿಕ್ಕವನ್ನು ಹಾಗೆ ಮಾಡಿದವು ಗೆದ್ದಲು, ಮಳೆ, ಬೆಂಕಿ, ಮತ್ತು ಇವೆಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರ ಉದಾಸೀನ. ಚರ್ಮದ ರಟ್ಟು, ಚಿನ್ನದ ಅಂಚು, ಕೈಯಿಂದ ಬಣ್ಣ ತುಂಬಿದ ಚಿತ್ರಗಳು ಇವುಗಳಿಂದ ಕೂಡಿದ ಹಳೆಯ ಕ್ರೈಸ್ತ ಭಕ್ತಿಗ್ರಂಥಗಳನ್ನು ಇಂದು ಧನಿಕರು ಹರಾಜಿನಲ್ಲಿ ಕೊಂಡು ಗಾಜಿನ ಬೀರುಗಳಲ್ಲಿಡುತ್ತಾರೆ. ಅದನ್ನು ಕಂಡು ನಾವು ಹೊಟ್ಟೆಕಿಚ್ಚು ಪಡಬೇಕಾದುದೇನೂ ಇಲ್ಲ. ಆದರೆ ಅಂತಹ ಗ್ರಂಥದ ನಿಜವಾದ ಬೆಲೆ ಎಲ್ಲಿದೆ, ಆ ಬೆಲೆಗೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮನೆಗಳಲ್ಲಿರುವ ಬಡ ಪ್ರಾರ್ಥನಾಪುಸ್ತಕಗಳು ಎಷ್ಟರ ಮಟ್ಟಿಗೆ ಬಾಧ್ಯವಾಗಿವೆ, ಎಂಬುದನ್ನು ಈ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ವಿಚಾರಕ್ಕೆ ಇಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಇಂತಹ ಗ್ರಂಥವು ಹೇಗೆ ಸಿದ್ಧವಾಗುತ್ತಿತ್ತೆಂಬುದನ್ನು ನೋಡೋಣ. ಅಕ್ಷರಗಳನ್ನು ಅಚ್ಚುಮೊಳೆಗಳಿಂದ ಮುದ್ರಿಸುವಾಗ ಮಸಿಯು ಮೊಳೆಯ ಉಬ್ಬಿದ ಮುಖದ ಮೇಲೆ ನಿಲ್ಲುವುದು. ತಾಮ್ರದ ತಗಡಿನ ಚಿತ್ರದಲ್ಲಿ ಇದಕ್ಕೆ ವಿಪರೀತ. ಚಿತ್ರಗಾರನು ಚೂಪಾದ ಉಳಿಯಿಂದ ತಗಡಿನಲ್ಲಿ ಗೆರೆಗಳನ್ನು ಕೊರೆಯುವನು. ಮಸಿಯನ್ನು ಗೆರೆಗಳೊಳಕ್ಕೆ ತುಂಬಿ ಮೇಲ್ಭಾಗವನ್ನು ಒರೆಸಿಬಿಡುವನು. ಒದ್ದೆಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತುವನು. ಆಗ ಗೆರೆಯಲ್ಲಿದ್ದ ಮಸಿಯು ಕಾಗದಕ್ಕೆ ಏರುವುದು. ಈ ಎರಡು ಕೆಲಸಗಳಿಗೆ ಎರಡು ಬಗೆಯ ಯಂತ್ರಗಳು ಬೇಕಾದುದರಿಂದ ಚಿತ್ರಗಳನ್ನು ಸಾಮಾನ್ಯವಾಗಿ ಬೇರೆ ಹಾಳೆಗಳಲ್ಲಿ ಅಚ್ಚುಹಾಕಿ, ಅನಂತರ ಗ್ರಂಥದ ನಡುನಡುವೆ ಸೇರಿಸಿ ಹೊಲಿಯುತ್ತಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಈ ಗ್ರಂಥಗಳಿಗೆ ಒದಗಿದ ವಿಪತ್ತಿನ ಬೀಜವು ಇದರಲ್ಲಿಯೇ ಇದೆ.

ಹೀಗೆ ಅಚ್ಚಾದ ಚಿತ್ರವು ಕೇವಲ ಕಪ್ಪು ಗೆರೆಗಳದು. ಅದಕ್ಕೆ ಬಣ್ಣ ಬೇಕೆಂದರೆ ಒಂದೊಂದು ಪ್ರತಿಗೂ ಕುಂಚ ಹಿಡಿದು ಬಣ್ಣ ತುಂಬಬೇಕು. ಕೆಂಪಿಗೆ ಇಂಗಳೀಕ, ಹಸುರಿಗೆ ತಾಮ್ರದ ಕಿಲುಬು, ನೀಲಿಗೆ ಹಲವು ವೇಳೆ ನಮ್ಮ ಹಿಂದೂದೇಶದಿಂದ ಹಡಗೇರಿ ಹೋದ ನೀಲಿಯೇ. ಇವನ್ನು ಅಂಟಿನ ನೀರಿನಲ್ಲಿ ಕಲಸಿ, ಗೆರೆ ಮೀರದಂತೆ, ಕಾಗದ ನೆನೆಯದಂತೆ ಹಚ್ಚುವುದು ತಾಳ್ಮೆಯ ಕೆಲಸ. ಈ ಕೆಲಸವನ್ನು ಯಾರು ಮಾಡಿದರು? ಗ್ರಂಥದ ಮೊದಲ ಪುಟದಲ್ಲಿ ಬರೆದವನ ಹೆಸರಿದೆ, ಅಚ್ಚುಹಾಕಿದವನ ಹೆಸರಿದೆ, ಚಿತ್ರದ ಕೆಳಗೆ ಕೊರೆದವನ ಹೆಸರೂ ಅನೇಕ ವೇಳೆ ಇದೆ. ಬಣ್ಣ ತುಂಬಿದವರ ಹೆಸರು ಮಾತ್ರ ಎಲ್ಲಿಯೋ ಅಪೂರ್ವವಾಗಿ ದೊರೆಯುವುದು. ಅವರಲ್ಲಿ ಅನೇಕರು ಹೆಂಗಸರು ಮತ್ತು ಮಕ್ಕಳು. ೧೯ನೆಯ ಶತಮಾನದ ಆದಿಯಲ್ಲಿ ಲಂಡನ್ನಿನಲ್ಲಿ ಮಕ್ಕಳ ಪುಸ್ತಕಗಳ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದವರು ಮಕ್ಕಳೇ. ಒಂದು ಮೇಜಿನ ಸುತ್ತ ಕುಳಿತು, ಒಬ್ಬಳು ಕೆಂಪನ್ನೇ, ಮತ್ತೊಬ್ಬಳು ನೀಲಿಯನ್ನೇ ಹಚ್ಚಿ ಹಾಳೆಯನ್ನು ಪಕ್ಕದವಳಿಗೆ ದಾಟಿಸುವ ಪದ್ಧತಿಯಿತ್ತು. ತಮ್ಮ ಕೈಯಿಂದ ಹೊರಟ ಪುಸ್ತಕವನ್ನು ಓದುವ ಭಾಗ್ಯವು ಅವರಲ್ಲಿ ಎಷ್ಟು ಮಂದಿಗೆ ಇದ್ದೀತು!

೧೬ನೆಯ ಶತಮಾನದ ಆಂಟ್‌ವರ್ಪ್ ಪಟ್ಟಣದಲ್ಲಿ ಪ್ಲಾಂಟಿನ್ ಎಂಬ ಪ್ರಸಿದ್ಧ ಮುದ್ರಕನಿದ್ದನು. ೧೫೬೯ರಿಂದ ೧೫೭೨ರವರೆಗೆ ಎಂಟು ಸಂಪುಟಗಳಲ್ಲಿ ಬಹುಭಾಷೆಗಳ ಸತ್ಯವೇದವನ್ನು ಅಚ್ಚುಹಾಕಿದವನು ಇವನೇ. ಅದರ ಒಂದು ಪ್ರತಿಯನ್ನು ೧೫೮೦ರಲ್ಲಿ ಯೇಸುಸಭೆಯ ಪಾದ್ರಿಗಳು ಫತೇಪುರ ಸಿಕ್ರಿಯಲ್ಲಿ ಅಕ್ಬರ್ ಬಾದಶಹನಿಗೆ ಒಪ್ಪಿಸಿದಾಗ, ಅವನು ಅದನ್ನು ತಲೆಯ ಮೇಲಿಟ್ಟು ಗೌರವಿಸಿದನೆಂದು ಆ ಪಾದ್ರಿಗಳು ಬರೆದಿಟ್ಟಿದ್ದಾರೆ. ಆ ಪ್ಲಾಂಟಿನನ ಗ್ರಂಥಗಳ ಚಿತ್ರಗಳಿಗೆ ಬಣ್ಣ ತುಂಬಿದವರಲ್ಲಿ ಮಿನ್ಕೆನ್ ಲೀಫ್ರಿಂಕ್ ಎಂಬ ಹೆಂಗಸೊಬ್ಬಳಿದ್ದಳು. ಅವಳ ಹೆಸರು ನಮ್ಮವರೆಗೆ ಬಂದುದು ಯಾವ ಗ್ರಂಥದ ಮುಖಪುಟದಿಂದಲೂ ಅಲ್ಲ. ಮುದ್ರಕನು ಕೂಲಿ ಕೊಟ್ಟ ಲೆಕ್ಕದ ಪುಸ್ತಕಗಳು ಅಳಿಯದೆ ಉಳಿದುದರಿಂದ. ಕೊಳ್ಳೇಗಾಲದ ರೇಷ್ಮೆಯನ್ನು ಬಲ್ಲ ನಮ್ಮವರಿಗೆ ಇದು ಹೊಸ ಮಾತೇನೂ ಅಲ್ಲ. ಸೀರೆಯ ಸೆರಗನ್ನು ಮುಟ್ಟಿ ಮೆಚ್ಚುವವರು ಸಾವಿರ ಮಂದಿ. ನೂಲು ಸುತ್ತಿಕೊಟ್ಟವಳ ಹೆಸರನ್ನು ಕೇಳುವವರು ಯಾರು?

ಆದರೆ ಹೆಣ್ಣುಮಕ್ಕಳು ಕೂಲಿಗಾಗಿ ಮಾತ್ರವೇ ಇಂತಹ ಗ್ರಂಥಗಳಲ್ಲಿ ಕೈಯಾಡಿಸಿದರೆಂದು ಹೇಳಲಾಗದು. ಇಂಗ್ಲೆಂಡಿನ ಲಿಟಲ್ ಗಿಡ್ಡಿಂಗ್ ಎಂಬ ಸಣ್ಣ ಹಳ್ಳಿಯಲ್ಲಿ ನಿಕೊಲಸ್ ಫೆರ್ರಾರ್ ಎಂಬ ದೈವಭಕ್ತನ ಮನೆತನದವರು ಪ್ರಾರ್ಥನೆಯಲ್ಲಿಯೂ ಪರೋಪಕಾರದಲ್ಲಿಯೂ ಕಾಲಕಳೆಯುತ್ತಿದ್ದರು. ಅವನ ಸೋದರಿಯ ಹೆಣ್ಣುಮಕ್ಕಳಾದ ಮೇರಿ ಮತ್ತು ಆನ್ನಾ ಕಾಲೆಟ್ ಎಂಬವರು ಸುಮಾರು ೧೬೩೦ರಿಂದ ಒಂದು ವಿಶೇಷವಾದ ಕಾರ್ಯವನ್ನು ಕೈಗೊಂಡರು. ಅಚ್ಚಾದ ಸತ್ಯವೇದಗಳಿಂದ ನಾಲ್ಕು ಸುವಾರ್ತೆಗಳ ಸಾಲುಗಳನ್ನು ಕತ್ತರಿಸಿ, ಕರ್ತನ ಚರಿತ್ರೆಯು ಒಂದೇ ಕಥೆಯಾಗಿ ನಡೆಯುವಂತೆ ದೊಡ್ಡ ಹಾಳೆಗಳ ಮೇಲೆ ಅಂಟಿಸಿದರು. ಸಂದರ್ಭಕ್ಕೆ ಒಪ್ಪುವ ತಾಮ್ರಪಟದ ಚಿತ್ರಗಳನ್ನು ಹುಡುಕಿ ಪಕ್ಕದಲ್ಲಿ ಕೂರಿಸಿದರು. ಕೇಂಬ್ರಿಜಿನ ಒಬ್ಬ ರಟ್ಟುಗಾರನ ಮಗಳಿಂದ ಹೊಲಿಗೆಯನ್ನೂ ರಟ್ಟುಕಟ್ಟುವುದನ್ನೂ ಚಿನ್ನದ ಅಲಂಕಾರವನ್ನೂ ಕಲಿತು ಗ್ರಂಥವನ್ನು ತಾವೇ ಕಟ್ಟಿದರು. ೧೬೩೩ರಲ್ಲಿ ಮೊದಲನೆಯ ಚಾರ್ಲ್ಸ್ ಅರಸನು ಇದರ ಸುದ್ದಿ ಕೇಳಿ, ಅವರು ನಿತ್ಯ ಬಳಸುತ್ತಿದ್ದ ಪ್ರತಿಯನ್ನು ಎರವಲು ತರಿಸಿಕೊಂಡು, ತನಗೂ ಒಂದನ್ನು ಮಾಡಿಕೊಡಬೇಕೆಂದು ಬೇಡಿದನು. ೧೬೩೫ರಲ್ಲಿ ಅವನಿಗೆ ಕೊಟ್ಟ ಗ್ರಂಥವು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಅರಸನ ಪ್ರತಿಗಿಂತ ಮೊದಲು ಮನೆಯವರ ಪ್ರತಿಯೊಂದು ಇತ್ತೆಂಬುದನ್ನೂ, ಅದು ದಿನದಿನದ ಓದಿಗಾಗಿಯೇ ಹುಟ್ಟಿತೆಂಬುದನ್ನೂ ನಮ್ಮ ಹೆಣ್ಣುಮಕ್ಕಳು ಮರೆಯಬಾರದು.

ಇದು ದೂರದೇಶದ ಮಾತಾಯಿತೆಂದು ಕೆಲವರು ಹೇಳಬಹುದು. ಹಿಂದೂದೇಶದಲ್ಲಿಯೂ ಇಂತಹ ಉದಾಹರಣೆಗಳಿಲ್ಲದೆ ಇಲ್ಲ. ಪಾದ್ರಿಗಳು ತಂದ ಚಿತ್ರಗಳನ್ನು ಮೊಗಲ ಆಸ್ಥಾನದ ಚಿತ್ರಗಾರರು ನೋಡಿ ತಮ್ಮ ಕುಂಚದಿಂದ ಬಣ್ಣಬಣ್ಣವಾಗಿ ಬರೆದರು. ಅವರಲ್ಲಿ ನೀನೀ ಎಂಬ ಚಿತ್ರಗಾರ್ತಿಯೊಬ್ಬಳು, ೧೭ನೆಯ ಶತಮಾನದ ಆದಿಕಾಲದಲ್ಲಿ, ಕನ್ಯಾಮಣಿಯಾದ ಸಂತ ಸಿಸಿಲಿಯಳು ಪ್ರಾಣತ್ಯಾಗ ಮಾಡಿದ ಚಿತ್ರವನ್ನು ಆಂಟ್‌ವರ್ಪಿನ ತಾಮ್ರಪಟವೊಂದನ್ನು ಅನುಸರಿಸಿ ರಚಿಸಿದಳು. ಅದು ಈಗ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರಾರು ಮೈಲಿ ದೂರದಿಂದ ಬಂದ ಕಪ್ಪು ಗೆರೆಗಳಿಗೆ ನಮ್ಮ ದೇಶದ ಒಬ್ಬ ಹೆಂಗಸು ಪ್ರಾಣ ತುಂಬಿದಳು. ಅವಳ ಹೆಸರೊಂದು ಉಳಿಯಿತು, ಚರಿತ್ರೆ ಉಳಿಯಲಿಲ್ಲ.

ಇನ್ನು ನಮ್ಮ ಸೀಮೆಗೇ ಬರೋಣ. ಯಳಂದೂರಿನವಳೆಂದು ಹೆಸರಾದ ಸಂಚಿ ಹೊನ್ನಮ್ಮನು ಮೈಸೂರಿನ ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಅರಮನೆಯಲ್ಲಿ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದಳು. ಅಂತಹ ಊಳಿಗದ ಹೆಂಗಸರು ಅರಮನೆಯಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಅವರೆಲ್ಲರೂ ಮರೆಯಾದರು, ಹೊನ್ನಮ್ಮನು ಮಾತ್ರ ‘ಹದಿಬದೆಯ ಧರ್ಮ’ವನ್ನು ಬರೆದುದರಿಂದಲೂ, ಅದನ್ನು ಓದಿದವರು ಓಲೆಯಿಂದ ಓಲೆಗೆ ಬರೆದು ಕಾಪಾಡಿದುದರಿಂದಲೂ ಇಂದಿಗೂ ಬದುಕಿದ್ದಾಳೆ. ಹೆಣ್ಣೆಂದು ಹೀನವಾಗಿ ಕಾಣುವುದು ತರವಲ್ಲವೆಂಬ ಅವಳ ವಾದವನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ನಾವೆಲ್ಲರೂ ಬಲ್ಲೆವು. ಹನೂರು ಸೀಮೆಯಲ್ಲಿ ಮಲೆಯ ಮಹದೇಶ್ವರನ ದೀರ್ಘವಾದ ಕಥೆಯು ಯಾವ ರಟ್ಟೂ ಇಲ್ಲದೆ, ಕಂಸಾಳೆಯವರ ಕಂಠದಿಂದ ಕಂಠಕ್ಕೆ ದಾಟಿಬಂದಿದೆ. ಓಲೆಯಾಗಲಿ, ಹಾಡಾಗಲಿ, ಅಚ್ಚಿನ ಪುಸ್ತಕವಾಗಲಿ, ಬಳಸುವವರು ಇರುವವರೆಗೆ ಮಾತ್ರ ಜೀವಿಸುವುದು. ಮತವು ಯಾವುದೇ ಇರಲಿ, ಈ ನಿಯಮವು ಒಂದೇ.

ಈಗ ನಮ್ಮ ಮನೆಗಳ ಪೆಟ್ಟಿಗೆಗಳನ್ನು ತೆರೆದು ನೋಡಬೇಕು. ೧೯೫೬ನೆಯ ನವಂಬರ್ ೧ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು. ಆದುದರಿಂದ ಈ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಕನ್ನಡ ಪುಸ್ತಕದ ಮಗ್ಗುಲಲ್ಲಿ ತಮಿಳು ಪುಸ್ತಕವಿದ್ದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಸತ್ಯವೇದವು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ದೀರ್ಘಶ್ರಮದಿಂದ ೧೮೩೧ರ ಹೊತ್ತಿಗೆ ಪೂರ್ಣವಾಗಿ ಹೊರಬಂದಿತು. ಮಂಗಳೂರಿನಲ್ಲಿ ೧೮೪೧ರಲ್ಲಿ ಬಾಸೆಲ್ ಮಿಶನ್ನಿನವರು ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಶನ್ನಿನ ಮುದ್ರಣಾಲಯವು ನಡೆಯಿತು. ಈ ಮುದ್ರಣಾಲಯಗಳಿಂದ ಸುವಾರ್ತೆಗಳು, ಕೀರ್ತನೆಗಳು, ಪ್ರಾರ್ಥನೆಗಳು, ಕಥೆಗಳು ಸಣ್ಣ ಸಣ್ಣ ಪುಸ್ತಕಗಳಾಗಿ ಊರೂರಿಗೆ ಹೋದುವು. ಅವುಗಳಿಗೆ ಚಿನ್ನದ ಅಂಚಿರಲಿಲ್ಲ. ಬಡವರು ಕೊಳ್ಳಬೇಕೆಂದೇ ಅವನ್ನು ಅಗ್ಗವಾಗಿ ಅಚ್ಚುಹಾಕಿದರು.

ಇಲ್ಲಿಯೇ ಒಂದು ವಿಪರ್ಯಾಸವಿದೆ. ೧೭ನೆಯ ಶತಮಾನದ ಕಾಗದವನ್ನು ಹಳೆಯ ನಾರುಬಟ್ಟೆಯ ಚಿಂದಿಗಳಿಂದ ಮಾಡುತ್ತಿದ್ದರು. ಒಳ್ಳೆಯ ಸ್ಥಳದಲ್ಲಿಟ್ಟರೆ ಅದು ನಾನೂರು ವರ್ಷಗಳಾದರೂ ಮಡಿಸಿದರೆ ಮುರಿಯದು. ೧೯ನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಅಗ್ಗದ ಕಾಗದವು ಬಳಕೆಗೆ ಬಂದಿತು. ಅದರಲ್ಲಿ ಹುಳಿಯ ಅಂಶವಿರುವುದರಿಂದ ತನ್ನಷ್ಟಕ್ಕೆ ತಾನೇ ಹಳದಿಯಾಗಿ, ಒಣಹಪ್ಪಳದಂತೆ ಪುಡಿಯಾಗುವುದು. ಆದುದರಿಂದ ಅರಸನಿಗಾಗಿ ಕಟ್ಟಿದ ಗ್ರಂಥವು ಇನ್ನೂ ಶತಮಾನಗಳ ಕಾಲ ಬಾಳುವುದು. ನಮ್ಮ ಅಜ್ಜಿಯರು ಸೆರಗಿನಲ್ಲಿ ಸುತ್ತಿಕೊಂಡು ದೇವಾಲಯಕ್ಕೆ ಒಯ್ದ ಕೀರ್ತನೆಯ ಪುಸ್ತಕವು ನಮ್ಮ ಕಣ್ಣೆದುರಿನಲ್ಲಿಯೇ ಮುಗಿದುಹೋಗುವುದು. ಅಗ್ಗದ ಪುಸ್ತಕವನ್ನು ಯಾರೂ ಕಾಪಾಡಲಿಲ್ಲವಾದುದರಿಂದ ಅದೇ ಮುಂದೆ ಅತ್ಯಂತ ದುರ್ಲಭವಾಗುವುದು. ೧೫೭೮ರಲ್ಲಿ ಕೊಲ್ಲಂ ಪಟ್ಟಣದಲ್ಲಿ ತಮಿಳು ಅಕ್ಷರಗಳಲ್ಲಿ ಅಚ್ಚಾದ ‘ತಂಬಿರಾನ್ ವಣಕ್ಕಂ’ ಎಂಬ ಕ್ರೈಸ್ತೋಪದೇಶದ ಪುಸ್ತಕವು ಕೇವಲ ೧೬ ಪುಟಗಳದು. ಅದನ್ನು ಓದಬೇಕಾಗಿದ್ದವರು ಕರಾವಳಿಯ ಬಡಜನರು. ಇಂದು ಅದರ ಒಂದೇ ಪ್ರತಿಯು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಳಿದಿದೆ.

ಇದಲ್ಲದೆ, ಮನೆಯ ಭಕ್ತಿಗ್ರಂಥದಲ್ಲಿ ಮುದ್ರಕನು ಹಾಕದ ಬರಹವೊಂದು ಸೇರಿಕೊಂಡಿರುವುದು. ಮೊದಲ ಬಿಳಿಹಾಳೆಯಲ್ಲಿ ಮದುವೆಯ ದಿನ, ಮಕ್ಕಳ ಜನನ, ದೀಕ್ಷಾಸ್ನಾನ, ಮೃತರಾದವರ ತಾರೀಖು, ಬಹುಮಾನವಾಗಿ ಪಡೆದ ಪುಸ್ತಕವಾದರೆ ತರಗತಿ ಮತ್ತು ವರ್ಷ, ಇವನ್ನು ನಮ್ಮ ಹಿರಿಯರು ಬರೆದಿಡುತ್ತಿದ್ದರು. ಜಮೀನಿನ ಪತ್ರಗಳಲ್ಲಿ ಗಂಡಸರ ಹೆಸರುಗಳೇ ಹೆಚ್ಚು. ಅನೇಕ ಮನೆಗಳಲ್ಲಿ ಮುತ್ತಜ್ಜಿಯು ತನ್ನ ಹೆಸರನ್ನು ತನ್ನ ಕೈಯಿಂದಲೇ ಬರೆದ ಸ್ಥಳವೆಂದರೆ ಆ ಒಂದು ಹಾಳೆ. ಅದನ್ನು ಪೊಟ್ಟಣ ಕಟ್ಟುವ ಅಂಗಡಿಗೆ ತೂಕಕ್ಕೆ ಹಾಕಿದ ಮೇಲೆ, ಅವಳು ಓದುಬರಹ ಬಲ್ಲವಳಾಗಿದ್ದಳೆಂಬುದಕ್ಕೆ ಸಾಕ್ಷಿ ಉಳಿಯುವುದೆಲ್ಲಿ? ಆಂಟ್‌ವರ್ಪಿನ ಆ ಹೆಂಗಸಿನ ಹೆಸರನ್ನು ಕೂಲಿಯ ಲೆಕ್ಕವು ಉಳಿಸಿತು. ನಮ್ಮವರ ಹೆಸರನ್ನು ಉಳಿಸಬಲ್ಲುದು ಈ ಬಿಳಿಹಾಳೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಪುಸ್ತಕವು ಪೂಜೆಯ ವಸ್ತುವಲ್ಲ, ಅದರ ಚರ್ಮಕ್ಕೂ ಬಣ್ಣಕ್ಕೂ ಮರುಳಾಗುವುದು ವಿಗ್ರಹಾರಾಧನೆಗೆ ಸಮೀಪವಾದುದು ಎಂದು ಕೆಲವು ಭಕ್ತರು ಹೇಳುವರು. ಈ ಮಾತಿನಲ್ಲಿ ಸತ್ಯವಿದೆ. ಓದದೆ ಅಲಂಕಾರಕ್ಕಾಗಿ ಇಟ್ಟ ಸತ್ಯವೇದವು ಮುಚ್ಚಿದ ಬಾವಿಯಂತೆ. ಆದರೆ ಸುಮಾರು ೬೦೦ನೆಯ ವರ್ಷದಲ್ಲಿಯೇ ರೋಮಾಪುರಿಯ ಮಹಾ ಗ್ರೆಗರಿಯು ಮಾರ್ಸೇಲಿನ ಬಿಷಪನಿಗೆ ಬರೆದ ಪತ್ರದಲ್ಲಿ, ಓದುಬಾರದವರಿಗೆ ಚಿತ್ರವೇ ಓದಾಗುವುದೆಂದೂ, ಆರಾಧಿಸುವುದು ಬೇರೆ, ನೋಡಿ ಕಲಿಯುವುದು ಬೇರೆಯೆಂದೂ ವಿವೇಚಿಸಿದ್ದಾನೆ. ನಮ್ಮ ಮಾತೂ ಅದೇ. ಗ್ರಂಥವನ್ನು ಕಾಪಾಡುವುದು ಅದನ್ನು ಪೂಜಿಸುವುದಕ್ಕಲ್ಲ. ಮುಂದಿನವರು ತೆರೆದು ಓದುವುದಕ್ಕೆ.

ಎರಡನೆಯ ಆಕ್ಷೇಪವು ಪೋಷಕರದು. ಮನೆಯಲ್ಲಿ ಕಷ್ಟವಿರುವಾಗ, ಮಗಳ ಶಾಲೆಯ ಶುಲ್ಕಕ್ಕೆ ಹಣವಿಲ್ಲದಿರುವಾಗ, ಬೆಲೆಬಾಳುವ ಹಳೆಯ ಪುಸ್ತಕವೊಂದಿದ್ದರೆ ಅದನ್ನು ಮಾರಬಾರದೇ? ಮಾರಬಹುದು, ಮಗಳ ವಿದ್ಯೆಗಿಂತ ಯಾವ ರಟ್ಟೂ ದೊಡ್ಡದಲ್ಲ. ಆದರೆ ಮಾರುವುದಾದರೆ ಇಡಿಯಾಗಿ ಮಾರಬೇಕು. ಮಾರುವ ಮೊದಲು ಬಿಳಿಹಾಳೆಯ ಬರಹವನ್ನು ನಕಲು ಮಾಡಿಕೊಳ್ಳಬೇಕು. ಬಲ್ಲವರಿಗೆ ತೋರಿಸದೆ ಮೊದಲು ಬಂದವನ ಮಾತಿಗೆ ಒಪ್ಪಬಾರದು. ಚಿತ್ರಗಳು ಬೇರೆ ಹಾಳೆಗಳಲ್ಲಿರುವುದೆಂದು ಮೇಲೆ ಹೇಳಿದೆವಷ್ಟೆ. ಕೆಲವು ವ್ಯಾಪಾರಿಗಳು ಅವನ್ನು ಒಂದೊಂದಾಗಿ ಕತ್ತರಿಸಿ, ಚೌಕಟ್ಟು ಹಾಕಿಸಿ, ಗೋಡೆಯ ಅಲಂಕಾರಕ್ಕೆ ಮಾರುವರು; ಬಿಡಿಚಿತ್ರಗಳ ಒಟ್ಟು ಬೆಲೆಯು ಹಲವು ವೇಳೆ ಇಡೀ ಗ್ರಂಥದ ಬೆಲೆಯನ್ನು ಮೀರುವುದು. ಕಪ್ಪು ಗೆರೆಯ ಹಳೆಯ ಚಿತ್ರಕ್ಕೆ ಈಚೆಗೆ ಬಣ್ಣ ಬಳಿದು, ಹಳೆಯ ಕಾಲದ ಬಣ್ಣವೆಂದು ನಂಬಿಸುವುದೂ ಉಂಟು. ಕಾಲೆಟ್ ಸೋದರಿಯರೂ ಕತ್ತರಿಯನ್ನು ಹಿಡಿದರಲ್ಲವೇ ಎಂದರೆ, ಹೌದು. ಅವರು ಚದುರಿದ್ದುದನ್ನು ಕೂಡಿಸುವುದಕ್ಕಾಗಿ ಕತ್ತರಿಸಿದರು, ಇವರು ಕೂಡಿದ್ದುದನ್ನು ಚದುರಿಸುವುದಕ್ಕಾಗಿ ಕತ್ತರಿಸುತ್ತಾರೆ.

ಹೀಗಿರಲು ನಾವು ಮಾಡಬೇಕಾದುದೇನು? ನಮ್ಮ ಶಾಲೆಯಲ್ಲಿ ಒಂದು ದಾಖಲೆಯ ಪುಸ್ತಕವನ್ನು ತೆರೆಯಬೇಕೆಂದು ನಾವು ಸೂಚಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಸೇರುವಾಗ ತಮ್ಮ ಮನೆಯ ಹಳೆಯ ಭಕ್ತಿಗ್ರಂಥವನ್ನು ತರಲಿ. ಅದರ ಹೆಸರು, ಅಚ್ಚಾದ ಊರು, ವರ್ಷ, ಒಳಗೆ ಕೈಬರಹದಲ್ಲಿರುವ ಹೆಸರುಗಳು, ಇಷ್ಟನ್ನು ಮೇಲಿನ ತರಗತಿಯ ಹುಡುಗಿಯರು ಬರೆದುಕೊಳ್ಳಲಿ. ಈಗ ಮನೆಮನೆಯಲ್ಲಿರುವ ಮೊಬೈಲಿನಿಂದ ಆ ಹಾಳೆಗಳ ಛಾಯಾಚಿತ್ರವನ್ನು ತೆಗೆಯಲಿ. ಗ್ರಂಥವು ಅದೇ ಸಂಜೆ ತನ್ನ ಮನೆಗೆ ಹಿಂದಿರುಗಲಿ. ಶಾಲೆಯು ಅದನ್ನು ವಶಪಡಿಸಿಕೊಳ್ಳಬೇಕಾಗಿಲ್ಲ. ಇಟ್ಟುಕೊಳ್ಳಲು ಸ್ಥಳವಿಲ್ಲದವರೂ ವಾರಸುದಾರರಿಲ್ಲದವರೂ ತಾವಾಗಿಯೇ ಒಪ್ಪಿಸಿದರೆ ಅದಕ್ಕಾಗಿ ಒಂದು ಮರದ ಬೀರು ಸಾಕು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿಯೂ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿಯೂ ಹಳೆಯ ಮಿಶನ್ ಗ್ರಂಥಗಳ ಮತ್ತು ಕಾಗದಪತ್ರಗಳ ಭಂಡಾರಗಳಿವೆ. ಸಂದೇಹ ಬಂದಲ್ಲಿ ಅಲ್ಲಿಯ ತಿಳಿದವರನ್ನು ಕೇಳಬಹುದು.

ಹೊಲಿಗೆಯ ತರಗತಿಯು ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳ ಹಳೆಯ ರೂಢಿ. ಆ ಸೂಜಿದಾರದಿಂದಲೇ ಬಿಚ್ಚಿಹೋದ ಹಾಳೆಗಳನ್ನು ಹೊಲಿಯುವುದನ್ನೂ, ರಟ್ಟಿಗೆ ಬಟ್ಟೆ ಹೊದಿಸುವುದನ್ನೂ ನಮ್ಮ ಹುಡುಗಿಯರು ಕಲಿಯಬಾರದೇಕೆ? ಮೊದಲು ಇಂದಿನ ಪಠ್ಯಪುಸ್ತಕಗಳ ಮೇಲೆ ಕೈ ಪಳಗಲಿ. ಅಪೂರ್ವವಾದ ಗ್ರಂಥವನ್ನು ಮಾತ್ರ ಕುಶಲರಿಗೇ ಬಿಡಬೇಕು. ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಸುಲಭವಾದುವು. ಪುಸ್ತಕವನ್ನು ಮಣ್ಣಿನ ಗೋಡೆಗೆ ತಾಗಿಸಿ ಇಡಬಾರದು. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ತೆರೆದಿಡಬೇಕು. ಬಣ್ಣದ ಚಿತ್ರಕ್ಕೆ ಬಿಸಿಲು ಶತ್ರು. ಪುಟಗಳ ನಡುವೆ ಹೂವು ಎಲೆಗಳನ್ನಿಡಬಾರದು. ಹರಿದ ಹಾಳೆಗೆ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚಬಾರದು. ಅದು ಕೆಲವೇ ವರ್ಷಗಳಲ್ಲಿ ಕಂದುಗಟ್ಟಿ ಅಕ್ಷರವನ್ನೇ ನುಂಗುವುದು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದಿದೆ: ಓದಬೇಕು. ಸಂಜೆಯ ಪ್ರಾರ್ಥನೆಯಲ್ಲಿ ವಾರಕ್ಕೊಂದು ದಿನವಾದರೂ ಅಜ್ಜಿಯ ಪುಸ್ತಕದಿಂದ ಒಂದು ಭಾಗವನ್ನು ಮೊಮ್ಮಗಳು ಗಟ್ಟಿಯಾಗಿ ಓದಲಿ. ಹಳೆಯ ಕನ್ನಡದ ಮಾತು ಅವಳಿಗೆ ತೊಡಕಾದರೆ ಹಿರಿಯರು ಬಿಡಿಸಿ ಹೇಳಲಿ. ತಮ್ಮ ಕೈಯಿಂದ ಬಣ್ಣ ತುಂಬಿಯೂ ಓದಲಾರದೆ ಹೋದ ಆ ಹುಡುಗಿಯರಿಗೆ ದೊರೆಯದಿದ್ದ ಭಾಗ್ಯವನ್ನು ನಮ್ಮ ಶಾಲೆಯು ನಮಗೆ ಕೊಟ್ಟಿದೆ. ಅಕ್ಷರ ಬಲ್ಲ ನಾವು ಅಕ್ಷರವನ್ನು ಗೆದ್ದಲಿಗೆ ಒಪ್ಪಿಸಿದರೆ, ಆ ಋಣವು ನಮ್ಮ ತಲೆಯ ಮೇಲೆ ಉಳಿಯುವುದು. ಆದುದರಿಂದ ಸೋದರಿಯರೇ, ಬರುವ ವರ್ಷದ ಕೂಟಕ್ಕೆ ಬರುವಾಗ ನಿಮ್ಮ ಮನೆಯ ಹಳೆಯ ಪುಸ್ತಕವನ್ನು ಮರೆಯದೆ ತನ್ನಿರಿ. ಅದರ ಬಿಳಿಹಾಳೆಯಲ್ಲಿ ಸ್ಥಳವಿದ್ದರೆ, ಹೊರಡುವ ಮೊದಲು, ನಿಮ್ಮ ಮಗಳ ಹೆಸರನ್ನು ಅವಳ ಕೈಯಿಂದಲೇ ಬರೆಯಿಸಿರಿ.